ಒಸೈರಿಸ್ ದೇವನ ಊರು

ಕೈರೋದಿಂದ ದಕ್ಷಿಣಕ್ಕೆ ನೈಲ್ ನದಿಯ ಗುಂಟ ಸಾಗುವ ರೈಲುಮಾರ್ಗದಲ್ಲಿ ಬಲ್ಯಾನ ಎಂಬ ಸಣ್ಣ ನಿಲ್ದಾಣವೊಂದಿದೆ. ಲಕ್ಸರಿನ ಭವ್ಯ ಮಂದಿರಗಳತ್ತ ಧಾವಿಸುವ ಪ್ರವಾಸಿಗರಲ್ಲಿ ಬಹುಮಂದಿ ಈ ಹೆಸರನ್ನು ಗಮನಿಸುವುದೂ ಇಲ್ಲ. ಇಲ್ಲಿಳಿದು ಪಶ್ಚಿಮದ ಕಡೆಗೆ ಸುಮಾರು 10 ಕಿಲೋಮೀಟರು, ಕಬ್ಬು ಗೋಧಿಗಳ ಹೊಲಗಳ ನಡುವೆ ನಡೆದರೆ, ಹಸುರು ಒಮ್ಮೆಲೇ ಮುಗಿದು ಮರಳು ತೊಡಗುತ್ತದೆ. ಕತ್ತರಿಸಿಟ್ಟಂತೆ ಸ್ಪಷ್ಟವಾದ ಗೆರೆ ಅದು. ಒಂದು ಕಾಲನ್ನು ಪೈರಿನಲ್ಲಿ, ಇನ್ನೊಂದನ್ನು ಮರುಭೂಮಿಯಲ್ಲಿ ಇಟ್ಟು ನಿಲ್ಲಬಹುದು. ಆ ಗೆರೆಯ ಮೇಲೆಯೇ ಕುಳಿತಿದೆ ಅರಾಬ ಅಲ್-ಮದ್ಫೂನ ಎಂಬ ಹಳ್ಳಿ. ‘ಹೂತುಹೋದ ಅರಾಬ’ ಎಂದು ಅದರ ಅರ್ಥ. ಹಳ್ಳಿಯ ಅಂಚಿನಲ್ಲಿ ಬೆಳ್ಳನೆಯ ಸುಣ್ಣಕಲ್ಲಿನ ಮಂದಿರವೊಂದು ಮೌನವಾಗಿ ನಿಂತಿದೆ. ಗ್ರೀಕರು ಅಬಿಡೋಸ್ ಎಂದು ಕರೆದ ಪುಣ್ಯಕ್ಷೇತ್ರ ಇದೇ.

ಈ ಊರಿನ ಮಹಿಮೆಗೆ ಮೂಲ ಒಂದು ಕೊಲೆಯ ಕತೆ. ದೇವರಾಜನಾದ ಒಸೈರಿಸನನ್ನು ಅವನ ತಮ್ಮ ಸೆತ್ ಅಸೂಯೆಯಿಂದ ಕೊಂದು, ದೇಹವನ್ನು 14 ತುಂಡುಗಳಾಗಿ ಮಾಡಿ ನಾಡಿನಾದ್ಯಂತ ಚೆಲ್ಲಿದನಂತೆ. ಹೆಂಡತಿ ಐಸಿಸ್ ಊರೂರು ಅಲೆದು ಆ ತುಂಡುಗಳನ್ನು ಆಯ್ದು ತಂದು ಜೋಡಿಸಿ, ತನ್ನ ಮಂತ್ರಬಲದಿಂದ ಗಂಡನಲ್ಲಿ ಮರಳಿ ಪ್ರಾಣ ತುಂಬಿದಳು. ಹೋರಸ್ ಎಂಬ ಮಗ ಹುಟ್ಟಿದ. ಒಸೈರಿಸ್ ಮೃತರ ಲೋಕಕ್ಕೆ ಅರಸನಾದ. ಅವನ ಶಿರಸ್ಸು ದೊರೆತ ಸ್ಥಳ ಅಬಿಡೋಸ್ ಎಂಬುದು ಜನರ ನಂಬಿಕೆ. ಸತ್ತವರಿಗೆ ಇಲ್ಲಿ ಸಮಾಧಿಯಾದರೆ ಸದ್ಗತಿ. ಅದು ಕೂಡದಿದ್ದರೆ ಹೆಸರು ಕೆತ್ತಿದ ಒಂದು ಕಲ್ಲನ್ನಾದರೂ ಈ ನೆಲದಲ್ಲಿ ನಿಲ್ಲಿಸಬೇಕೆಂಬ ಹಂಬಲ ಬಡವ ಬಲ್ಲಿದರೆನ್ನದೆ ಎಲ್ಲರಲ್ಲಿಯೂ ಇತ್ತು.

ಐಸಿಸ್ ಬಳಸಿದ ಆ ಶಕ್ತಿಗೆ ಈಜಿಪ್ಷಿಯನರು ಇಟ್ಟ ಹೆಸರು ‘ಹೆಕಾ’. ಇದನ್ನು ಮಾಟ ಎಂದು ಅನುವಾದಿಸಿದರೆ ಅನ್ಯಾಯವಾಗುತ್ತದೆ. ಧರ್ಮ ಒಂದು ಕಡೆ, ಮಾಟ ಇನ್ನೊಂದು ಕಡೆ ಎಂಬ ಭೇದವನ್ನು ಅವರು ಅರಿತವರಲ್ಲ. ಹೆಕಾ ಎಂಬುದು ಸೃಷ್ಟಿಯೊಡನೆಯೇ ಹುಟ್ಟಿದ ಶಕ್ತಿ. ಅದೇ ಹೆಸರಿನ ದೇವನೂ ಉಂಟು. ಬದುಕಿನಲ್ಲಿ ಎರಗುವ ಪೆಟ್ಟುಗಳನ್ನು ತಡೆಯಲು ದೇವರು ಮನುಷ್ಯನಿಗೆ ಕೊಟ್ಟ ಆಯುಧ ಅದು ಎಂದು ಅವರ ಒಂದು ಪ್ರಾಚೀನ ನೀತಿಗ್ರಂಥ ಹೇಳುತ್ತದೆ. ಚೇಳು ಕಚ್ಚಿದವನಿಗೆ ಮದ್ದು ಹಾಕುವಾಗಲೂ ಹೆಕಾ, ದೇವರಿಗೆ ಧೂಪ ಹಾಕುವಾಗಲೂ ಹೆಕಾ. ವೈದ್ಯ, ಅರ್ಚಕ, ಮಂತ್ರವಾದಿ ಮೂವರೂ ಅನೇಕ ವೇಳೆ ಒಬ್ಬನೇ.

ಈಗ ನಿಂತಿರುವ ಮಂದಿರವನ್ನು ಕಟ್ಟಿಸಿದವನು ಒಂದನೆಯ ಸೆತಿ. ಕ್ರಿ. ಪೂ. 1290ರ ಸುಮಾರಿಗೆ ಪಟ್ಟಕ್ಕೆ ಬಂದ ದೊರೆ. ಹೊರಗಿನ ಅಂಗಳಗಳು ಬಹುಮಟ್ಟಿಗೆ ಹಾಳಾಗಿವೆ. ಒಳಗೆ ಕಾಲಿಟ್ಟರೆ 24 ಕಂಬಗಳ ಮಂಟಪ, ಅದನ್ನು ದಾಟಿದರೆ 36 ಕಂಬಗಳ ಇನ್ನೊಂದು ಮಂಟಪ. ಮೊದಲನೆಯದರ ಕೆತ್ತನೆಯನ್ನು ಮುಗಿಸಿದವನು ಮಗ ಎರಡನೆಯ ರಾಮ್ಸೆಸ್. ಅಲ್ಲಿ ಅವಸರ ಕಾಣುತ್ತದೆ. ಎರಡನೆಯದು ತಂದೆಯ ಕಾಲದ್ದು. ಅಲ್ಲಿಯ ಉಬ್ಬುಚಿತ್ರಗಳ ನಯವನ್ನು ನೋಡಿದವನಿಗೆ ಈಜಿಪ್ಟಿನ ಬೇರೆ ಶಿಲ್ಪಗಳು ಕೆಲಹೊತ್ತು ಒರಟಾಗಿ ತೋರಿದರೆ ಆಶ್ಚರ್ಯವಿಲ್ಲ. ಅಂದಹಾಗೆ, ಮೊದಲ ಮಂಟಪದ ತೊಲೆಯೊಂದರಲ್ಲಿ ಹೆಲಿಕಾಪ್ಟರಿನ ಚಿತ್ರವಿದೆಯೆಂದು ಮಾರ್ಗದರ್ಶಿಗಳು ಬೆರಳು ತೋರಿಸುವುದುಂಟು. ತಂದೆಯ ಬಿರುದುಗಳ ಮೇಲೆ ಮಗನ ಬಿರುದುಗಳನ್ನು ಕೆತ್ತಿ, ನಡುವೆ ತುಂಬಿದ್ದ ಗಾರೆ ಉದುರಿದಾಗ ಎರಡೂ ಅಕ್ಷರಗಳು ಬೆರೆತು ಮೂಡಿದ ಆಕೃತಿ ಅದು. ಹಾರುವ ಯಂತ್ರವನ್ನು ಹುಡುಕಿಕೊಂಡು ಬಂದವರಿಗೆ ಮಾತ್ರ ಈ ವಿವರಣೆ ರುಚಿಸುವುದಿಲ್ಲ.

ಮಂಟಪದಾಚೆ ಸಾಲಾಗಿ ಏಳು ಗರ್ಭಗುಡಿಗಳು. ಒಂದು ದೇವರೂಪನಾದ ದೊರೆಗೆ, ಉಳಿದವು ಪ್ತಾಹ, ರಾ-ಹೊರಖ್ತಿ, ಅಮುನ್, ಒಸೈರಿಸ್, ಐಸಿಸ್, ಹೋರಸರಿಗೆ. ಗೋಡೆಗಳ ಮೇಲೆ ದಿನನಿತ್ಯದ ಪೂಜೆ ಚಿತ್ರಗಳಾಗಿ ನಿಂತಿದೆ. ಅರ್ಚಕನು ಬಾಗಿಲ ಮಣ್ಣಿನ ಮುದ್ರೆಯನ್ನು ಒಡೆಯುತ್ತಾನೆ, ಅಗುಳಿ ಸರಿಸುತ್ತಾನೆ, ದೇವರ ಮುಖವನ್ನು ಕಂಡು ಅಡ್ಡಬೀಳುತ್ತಾನೆ. ಮೂರ್ತಿಗೆ ಸ್ನಾನ, ಸುಗಂಧತೈಲ, ವಸ್ತ್ರ, ಆಭರಣ, ಧೂಪ, ಕೊನೆಗೆ ಅನ್ನಪಾನಗಳ ನೈವೇದ್ಯ. ಹೊರಡುವಾಗ ತನ್ನ ಹೆಜ್ಜೆಯ ಗುರುತುಗಳನ್ನು ತಾನೇ ಗುಡಿಸಿಕೊಂಡು ಹಿಂದೆ ಸರಿಯುತ್ತಾನೆ. ಕನ್ನಡನಾಡಿನ ಯಾವುದಾದರೂ ದೇವಾಲಯದಲ್ಲಿ ಮುಂಜಾನೆ ಬಾಗಿಲು ತೆರೆಯುವುದನ್ನು ಕಂಡವರಿಗೆ ಈ ಗೋಡೆಗಳನ್ನು ಓದಲು ಪಂಡಿತರ ನೆರವು ಅಷ್ಟಾಗಿ ಬೇಡ.

ಈ ಮಂದಿರದಲ್ಲಿ ಒಂದು ಇಕ್ಕಟ್ಟೂ ಇತ್ತು. ‘ಸೆತಿ’ ಎಂದರೆ ‘ಸೆತ್‌ಗೆ ಸೇರಿದವನು’. ದೊರೆಯ ಹೆಸರಿನಲ್ಲಿಯೇ ಕೊಲೆಗಾರನಿದ್ದಾನೆ! ಬೇರೆ ಕಡೆಗಳಲ್ಲಿ ಆ ಹೆಸರನ್ನು ಸೆತ್ ದೇವನ ಚಿತ್ರದಿಂದ ಬರೆಯುತ್ತಿದ್ದ ಲಿಪಿಕಾರರು ಇಲ್ಲಿ ಅದನ್ನು ಕೈಬಿಟ್ಟು, ಒಸೈರಿಸನ ಚಿತ್ರವನ್ನೋ ಐಸಿಸಳ ಗಂಟಿನ ಚಿಹ್ನೆಯನ್ನೋ ಇಟ್ಟರು. ಇದು ಬರಿಯ ಸೌಜನ್ಯವಲ್ಲ. ಬರೆದ ಚಿತ್ರಕ್ಕೆ ಜೀವವುಂಟು, ಉಚ್ಚರಿಸಿದ ಹೆಸರಿಗೆ ಪ್ರಾಣವುಂಟು ಎಂಬುದು ಹೆಕಾದ ಮೊದಲ ಸೂತ್ರ. ಪಿರಮಿಡ್ಡುಗಳ ಒಳಗೋಡೆಯ ಮೇಲೆ ಹಾವಿನ ಅಕ್ಷರವನ್ನು ಕೆತ್ತುವಾಗ, ಅದು ಹರಿದುಬಂದು ಶವವನ್ನು ಕಚ್ಚೀತೆಂದು ನಡುವೆ ತುಂಡರಿಸಿ ಕೆತ್ತಿದ ಜನ ಇವರು.

ದಕ್ಷಿಣದ ಓಣಿಯೊಂದರಲ್ಲಿ ಪ್ರಸಿದ್ಧವಾದ ರಾಜಾವಳಿಯಿದೆ. ಆದಿರಾಜ ಮೆನಿಯಿಂದ ಸೆತಿಯವರೆಗೆ 76 ದೊರೆಗಳ ಹೆಸರು. ಎಳೆಯ ರಾಮ್ಸೆಸ್ ಕೈಯಲ್ಲಿ ಸುರುಳಿ ಹಿಡಿದು ಓದುತ್ತಾನೆ, ತಂದೆ ಧೂಪವೆತ್ತುತ್ತಾನೆ. ಓದಿದ ಹೆಸರಿಗೆ ಅನ್ನ ಸಲ್ಲುತ್ತದೆ. ಆದರೆ ಹತ್‌ಶೆಪ್ಸುತ್ ರಾಣಿಯ ಹೆಸರು ಈ ಪಟ್ಟಿಯಲ್ಲಿಲ್ಲ. ಅಖ್‌ನಾತೆನನದೂ ಇಲ್ಲ, ತೂತಾಂಖಾಮೆನನದೂ ಇಲ್ಲ. ಇಲ್ಲಿ ಇತಿಹಾಸಕಾರರು ಕಾಣುವುದು ರಾಜಕೀಯವನ್ನು. ಅದನ್ನು ಕೆತ್ತಿಸಿದವರ ಮಟ್ಟಿಗೆ ಅದು ಸತ್ತವರನ್ನು ಹಸಿವಿಗೆ ದೂಡುವ ಕೆಲಸ.

ದೊರೆಗಳ ಕಾಲ ಮುಗಿದ ಮೇಲೂ ಮಂದಿರಕ್ಕೆ ಜನ ಬರುವುದು ನಿಲ್ಲಲಿಲ್ಲ. ರೋಮನರ ಆಳ್ವಿಕೆಯಲ್ಲಿ ಇಲ್ಲಿ ಕುಳ್ಳದೇಹದ, ವಿಕಾರಮುಖದ ಬೆಸ್ ದೇವನ ಕಣಿ ನಡೆಯುತ್ತಿತ್ತು. ಜನ ಮಂದಿರದಲ್ಲಿ ಮಲಗಿ ಕನಸಿನಲ್ಲಿ ಉತ್ತರ ಪಡೆಯುತ್ತಿದ್ದರು. ಬರಲಾರದವರು ಪ್ರಶ್ನೆಗಳನ್ನು ಬರೆದು ಕಳುಹಿಸುತ್ತಿದ್ದರು. ಕ್ರಿ. ಶ. 359ರಲ್ಲಿ ಅಂಥ ಕೆಲವು ಚೀಟಿಗಳು ಚಕ್ರವರ್ತಿ ಎರಡನೆಯ ಕಾನ್‌ಸ್ಟಾಂಟಿಯಸನ ಕೈಸೇರಿದವು. ಮುಂದಿನ ಚಕ್ರವರ್ತಿ ಯಾರೆಂದು ದೇವರನ್ನು ಕೇಳುವುದು ರಾಜದ್ರೋಹವಲ್ಲವೆ? ಪ್ಯಾಲೆಸ್ಟೈನಿನ ಸ್ಕಿಥೊಪೊಲಿಸ್ ನಗರದಲ್ಲಿ ವಿಚಾರಣೆ ನಡೆಯಿತು. ಅನೇಕರಿಗೆ ಚಿತ್ರಹಿಂಸೆ, ಕೆಲವರಿಗೆ ಮರಣ. ಚಳಿಜ್ವರಕ್ಕೆ ಕೊರಳಲ್ಲಿ ತಾಯಿತ ಕಟ್ಟಿಕೊಂಡವರೂ ಬಚಾವಾಗಲಿಲ್ಲವೆಂದು ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಆಮೇಲೆ ಕ್ರೈಸ್ತ ಸಂನ್ಯಾಸಿನಿಯರು ಈ ಮಂದಿರದ ಕೋಣೆಗಳಲ್ಲಿ ವಾಸವಾಗಿದ್ದರು. ಗೋಡೆಗಳ ಮೇಲೆ ಅವರು ಗೀಚಿದ ಕಾಪ್ಟಿಕ್ ಬರಹಗಳು ಈಗಲೂ ಉಳಿದಿವೆ.

ಮಂದಿರದ ಬೆನ್ನಿಗೆ, ನೆಲಮಟ್ಟಕ್ಕಿಂತ ಬಹು ಕೆಳಗೆ, ಒಸೈರಿಯನ್ ಎಂಬ ವಿಚಿತ್ರ ಕಟ್ಟಡವಿದೆ. ಭಾರಿ ಗ್ರಾನೈಟ್ ಕಂಬಗಳು, ಅಲಂಕಾರವಿಲ್ಲದ ತೊಲೆಗಳು, ನಡುವೆ ದ್ವೀಪದಂಥ ಜಗಲಿ, ಸುತ್ತ ಅಂತರ್ಜಲದ ಹಸುರು ನೀರು. ಸೃಷ್ಟಿಯ ಮೊದಲು ಜಲರಾಶಿಯಿಂದ ಮೇಲೆದ್ದ ದಿಬ್ಬದ ಪ್ರತಿರೂಪ ಇದೆಂದು ವಿದ್ವಾಂಸರ ಅಭಿಪ್ರಾಯ. ಪೆಟ್ರಿಯವರ ತಂಡದಲ್ಲಿದ್ದ ಮಾರ್ಗರೆಟ್ ಮರ್ರೇ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಅಗೆದು ಬೆಳಕಿಗೆ ತರತೊಡಗಿದರು. ಇಂದು ಅಮೆರಿಕ, ಯೂರೋಪುಗಳಿಂದ ಬರುವ ಅಧ್ಯಾತ್ಮಜಿಜ್ಞಾಸುಗಳ ಕಣ್ಣೆಲ್ಲ ಈ ನೀರಿನ ಮೇಲೆ. ಕಂಬವೊಂದರ ಮೇಲೆ ಕೆಂಪು ಬಣ್ಣದಲ್ಲಿ ಬರೆದ, ಒಂದರೊಳಗೊಂದು ಹೆಣೆದ ವೃತ್ತಗಳ ಹೂವನ್ನು ಅವರು ವಿಶ್ವರಹಸ್ಯದ ಯಂತ್ರವೆಂದು ಭಾವಿಸಿ ಧ್ಯಾನಕ್ಕೆ ಕೂರುತ್ತಾರೆ. ಅದು ಗ್ರೀಕರ ಕಾಲಕ್ಕಿಂತ ಹಿಂದಿನದೆನ್ನಲು ಆಧಾರವಿಲ್ಲ.

ಈ ಒಲವಿಗೂ ಒಂದು ಚರಿತ್ರೆಯಿದೆ. ಈಜಿಪ್ಟಿನ ಲಿಪಿಯ ಬೀಗ ತೆರೆದದ್ದು 1822ರಲ್ಲಿ, ಶಾಂಪೊಲಿಯೋನನ ಕೈಯಿಂದ. ಮಂತ್ರಗಳು ಓದಲು ಬಂದೊಡನೆ ಅವನ್ನು ಪ್ರಯೋಗಿಸುವ ಆಸೆಯೂ ಹುಟ್ಟಿತು. ಮುಂದೆ ಮದರಾಸಿನ ಅಡ್ಯಾರಿನಲ್ಲಿ ನೆಲೆಯೂರಿದ ಥಿಯಸಾಫಿಕಲ್ ಸೊಸೈಟಿಯ ಬ್ಲಾವಟ್‌ಸ್ಕಿ 1877ರಲ್ಲಿ ತಮ್ಮ ಬೃಹದ್ಗ್ರಂಥಕ್ಕೆ ಐಸಿಸಳ ಹೆಸರನ್ನೇ ಇಟ್ಟರು. ಅದರೊಳಗೆ ಐಸಿಸಳಿಗಿಂತ ಇತರ ಸಂಗತಿಗಳೇ ಹೆಚ್ಚು. ಲಂಡನ್ನಿನಲ್ಲಿ 1888ರಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ರಹಸ್ಯಕೂಟದವರು ಈಜಿಪ್ಟಿನ ದೇವತೆಗಳ ವೇಷದಲ್ಲಿ ದೀಕ್ಷೆ ಕೊಡುತ್ತಿದ್ದರು. ಆ ಕೂಟದಿಂದ ಹೊರಬಂದ ಆಲಿಸ್ಟರ್ ಕ್ರೌಲಿ 1904ರಲ್ಲಿ ಕೈರೋ ವಸ್ತುಸಂಗ್ರಹಾಲಯದ 666ನೆಯ ಸಂಖ್ಯೆಯ ಚಿತ್ರಫಲಕವೊಂದನ್ನು ಕಂಡು ಹೊಸ ಮತವನ್ನೇ ಸಾರಿದ. ಅಮೆರಿಕದಲ್ಲಿ 1988ರಲ್ಲಿ ಸ್ಥಾಪಿತವಾದ ಕೆಮೆಟಿಕ್ ಆರ್ಥೊಡಾಕ್ಸಿಯವರು ಇವರೆಲ್ಲರಿಗಿಂತ ಗಂಭೀರರು. ಮನೆಯಲ್ಲಿ ಪೀಠವಿಟ್ಟು, ನೀರಿನಿಂದ ಶುದ್ಧರಾಗಿ, ದೀಪಧೂಪಗಳೊಡನೆ ನಿತ್ಯಪೂಜೆ ನಡೆಸುತ್ತಾರೆ. ಆದರೆ ಹೆಕಾ ಎಂಬುದು ಆ ಹೊಳೆ, ಆ ಕಲ್ಲು, ಆ ಹೆಸರುಗಳಿಗೆ ಅಂಟಿಕೊಂಡಿದ್ದ ಶಕ್ತಿ. ಒಂದು ವಾರದ ಯಾತ್ರೆಗೆ ಬಂದು, ಒಂದು ಗಂಟೆ ಕಣ್ಮುಚ್ಚಿ ಕುಳಿತು, ಸಂಜೆಗೆ ಲಕ್ಸರಿನ ಹೋಟೆಲಿಗೆ ಮರಳುವವರಿಗೆ ಅದು ಎಷ್ಟರಮಟ್ಟಿಗೆ ಒಲಿದೀತು?

ಮರಳದೆ ಉಳಿದವರು ಒಬ್ಬರಿದ್ದರು. ಅವರು ಡೊರೊಥಿ ಈಡಿ, 1904ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಂಗ್ಲ ಮಹಿಳೆ. ಮೂರು ವರ್ಷದ ಮಗು ಮೆಟ್ಟಿಲಿನಿಂದ ಬಿದ್ದಾಗ ಸತ್ತಿತೆಂದೇ ವೈದ್ಯರು ಹೇಳಿದ್ದರಂತೆ. ಎದ್ದ ಮಗು ‘ಮನೆಗೆ ಹೋಗಬೇಕು’ ಎಂದು ಅಳತೊಡಗಿತು. ಮುಂದೆ ಸೆತಿಯ ಮಂದಿರದ ಚಿತ್ರವನ್ನು ಕಂಡು, ಇದೇ ತನ್ನ ಮನೆಯೆಂದಿತು. ತಾನು ಹಿಂದಿನ ಜನ್ಮದಲ್ಲಿ ಬೆಂತ್ರೆಶಿತ್ ಎಂಬ ದೇವಾಲಯದ ಕನ್ಯೆಯಾಗಿದ್ದೆ, ಸೆತಿ ದೊರೆಗೆ ಒಲಿದು ಪ್ರಾಣ ನೀಗಿದೆ ಎಂಬುದು ಆಕೆಯ ದೃಢವಾದ ನಂಬಿಕೆ. ಆಕೆಯ ಕನಸುಗಳ ಹೊರತು ಇದಕ್ಕೆ ಬೇರೆ ಸಾಕ್ಷ್ಯವಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ವಾಲಿಸ್ ಬಜ್ ಅವರ ಪ್ರೋತ್ಸಾಹದಿಂದ ಲಿಪಿ ಕಲಿತು, ಈಜಿಪ್ಷಿಯನ್ ತರುಣನನ್ನು ಮದುವೆಯಾಗಿ ಕೈರೋದಲ್ಲಿ ನೆಲೆಸಿದರು. ಹುಟ್ಟಿದ ಮಗನಿಗೆ ಸೆತಿ ಎಂದೇ ಹೆಸರಿಟ್ಟರು. ಹಿರಿಯ ಮಗನ ಹೆಸರಿನಿಂದ ತಾಯಿಯನ್ನು ಕರೆಯುವುದು ಆ ನಾಡಿನ ರೂಢಿ. ಹೀಗೆ ಆಕೆ ‘ಉಮ್ ಸೆತಿ’, ಸೆತಿಯ ತಾಯಿ. ಸಂಸಾರ ಹೆಚ್ಚು ಕಾಲ ನಡೆಯಲಿಲ್ಲ. ಪುರಾತತ್ತ್ವ ಇಲಾಖೆಯಲ್ಲಿ ನಕ್ಷೆಗಾರ್ತಿಯಾಗಿ, ಸಲೀಮ್ ಹಸನ್, ಅಹಮದ್ ಫಖ್ರಿಯವರಂಥ ವಿದ್ವಾಂಸರ ಕೆಳಗೆ ದುಡಿದು, 1956ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಅಬಿಡೋಸಿಗೆ ವರ್ಗ ಮಾಡಿಸಿಕೊಂಡರು.

ಹಗಲು ಅವರ ಕೆಲಸ ಒಡೆದ ಕಲ್ಲುಗಳ ಶಾಸನಗಳನ್ನು ನಕಲು ಮಾಡಿ, ಜೋಡಿಸಿ, ಅನುವಾದಿಸುವುದು. ಆ ಕೆಲಸದಲ್ಲಿ ಭ್ರಮೆಗೆ ಎಡೆಯಿರಲಿಲ್ಲ. ಆಕೆಯ ಜನ್ಮಾಂತರದ ಮಾತಿಗೆ ನಗುತ್ತಿದ್ದ ಪಂಡಿತರೂ ಆಕೆಯ ರೇಖೆಗಳನ್ನು, ಈ ಸ್ಥಳದ ಅರಿವನ್ನು ಗೌರವಿಸುತ್ತಿದ್ದರು. ಬೆಳಿಗ್ಗೆ ಸಂಜೆ ಮಂದಿರದಲ್ಲಿ ಪ್ರಾರ್ಥನೆ. ಒಸೈರಿಸ್ ಐಸಿಸರ ಹುಟ್ಟುಹಬ್ಬಗಳಂದು ಪಥ್ಯ ಹಿಡಿದು, ರೊಟ್ಟಿ, ಬಿಯರು, ದ್ರಾಕ್ಷಾರಸ, ಜೊತೆಗೆ ಚಹಾದ ಬಿಸ್ಕತ್ತುಗಳ ನೈವೇದ್ಯ. ಚಹಾದ ಬಿಸ್ಕತ್ತು ಯಾವ ಪ್ರಾಚೀನ ಪಟ್ಟಿಯಲ್ಲೂ ಇಲ್ಲ, ನಿಜ. ಮನೆಯಲ್ಲಿದ್ದುದನ್ನೇ ದೇವರಿಗಿಟ್ಟ ಭಕ್ತಿ ಅದು. ಮಂದಿರದ ಒಂದು ಕೋಣೆಯನ್ನೇ ಕಚೇರಿ ಮಾಡಿಕೊಂಡು, ಅಲ್ಲಿ ಸುಳಿಯುತ್ತಿದ್ದ ನಾಗರಹಾವಿಗೆ ಆಹಾರವಿಟ್ಟು ಕಾವಲುಗಾರರನ್ನು ನಡುಗಿಸುತ್ತಿದ್ದರು. ಒಸೈರಿಯನ್ನಿನ ನೀರಿನಲ್ಲಿ ಮುಳುಗಿದ ಮೇಲೆ ಕಣ್ಣಿನ ದೋಷ ಹೋಯಿತೆಂದು ಹೇಳಿಕೊಳ್ಳುತ್ತಿದ್ದರು.

ಆಕೆ ಬಿಟ್ಟುಹೋದ ಬೆಲೆಯುಳ್ಳ ಸಂಪತ್ತೆಂದರೆ ಹಳ್ಳಿಯ ಬದುಕನ್ನು ಕುರಿತ ಬರಹಗಳು. 1969ರಿಂದ 1975ರವರೆಗೆ ಬರೆದ ಅವು ಪುಸ್ತಕವಾಗಿ ಬಂದದ್ದು ಆಕೆ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2008ರಲ್ಲಿ. ಮುಸಲ್ಮಾನರೂ ಕಾಪ್ಟಿಕ್ ಕ್ರೈಸ್ತರೂ ಆದ ರೈತರು ದಿನವೂ ಮಾಡುವ ಎಷ್ಟೋ ಆಚಾರಗಳಲ್ಲಿ ಫೇರೋಗಳ ಕಾಲದ ಎಳೆಗಳನ್ನು ಆಕೆ ಗುರುತಿಸಿದರು. ಕಣ್ಣಿದ್ದವರಿಗೆ ಅವು ಈಜಿಪ್ಟಿನ ಉದ್ದಕ್ಕೂ ಕಾಣುತ್ತವೆ. ಅನೇಕ ಮಂದಿರಗಳ ಹೊರಗೋಡೆಗಳಲ್ಲಿ ಉದ್ದುದ್ದನೆಯ ಗೀರುಗಳಿವೆ. ತಲೆತಲಾಂತರಗಳಿಂದ ಜನ ಕಲ್ಲನ್ನು ಕೆರೆದು ಪುಡಿಯನ್ನು ಔಷಧಿಯೆಂದು ಒಯ್ದ ಗುರುತುಗಳು ಅವು. ಹಿಂದೆ ಸತ್ತ ಬಂಧುಗಳಿಗೆ ಬಟ್ಟಲಿನ ಮೇಲೆ ಪತ್ರ ಬರೆದು, ಕಷ್ಟ ಹೇಳಿಕೊಂಡು, ಸಮಾಧಿಯಲ್ಲಿ ಇಡುತ್ತಿದ್ದರು. ಆಮೇಲೆ ಬೆಸ್ ದೇವನಿಗೆ ಚೀಟಿ. ಕೈರೋದಲ್ಲಿ ಕ್ರಿ. ಶ. 820ರಲ್ಲಿ ತೀರಿಕೊಂಡ ಇಮಾಮ್ ಶಾಫಿಯವರ ದರ್ಗಾಕ್ಕೂ ದೂರದ ಊರುಗಳಿಂದ ಇಂಥ ಪತ್ರಗಳು ಬರುತ್ತಿದ್ದವು. ಸಯ್ಯದ್ ಉವೈಸ್ ಎಂಬ ಸಮಾಜಶಾಸ್ತ್ರಜ್ಞರು ಅವನ್ನು ಪರಿಶೀಲಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು. ಕಳ್ಳತನ, ಕಾಯಿಲೆ, ನೆರೆಯವನ ಅನ್ಯಾಯ, ದೂರು ಅದೇ. ಪತ್ರ ಬರೆದವರಾರೂ ತಾವು ಪ್ರಾಚೀನ ಮಂತ್ರವಿದ್ಯೆಯನ್ನು ಅನುಸರಿಸುತ್ತಿದ್ದೇವೆಂದು ತಿಳಿದವರಲ್ಲ. ತಿಳಿದಿದ್ದರೆ ಬರೆಯುತ್ತಲೂ ಇರಲಿಲ್ಲವೇನೋ.

ಉಮ್ ಸೆತಿ 1969ರಲ್ಲಿ ನಿವೃತ್ತರಾದರು. ಪಿಂಚಣಿ ಅತ್ಯಲ್ಪ. ಕಸೂತಿ ಮಾಡಿ, ಪ್ರವಾಸಿಗರಿಗೆ ಮಂದಿರ ತೋರಿಸಿ ದಿನ ದೂಡಿದರು. ಕುವೈತಿನಲ್ಲಿ ನೆಲೆಸಿದ್ದ ಮಗ ಬಂದು ತನ್ನೊಡನೆ ಇರಬೇಕೆಂದು ಕರೆದಾಗಲೂ ಒಪ್ಪಲಿಲ್ಲ. ಮನೆಯ ತೋಟದಲ್ಲಿ ನೆಲದ ಕೆಳಗೆ ತಮ್ಮ ಸಮಾಧಿಯನ್ನು ಮೊದಲೇ ಕಟ್ಟಿಸಿಕೊಂಡಿದ್ದರು. ಆತ್ಮ ಬಂದುಹೋಗಲು ಕಲ್ಲಿನ ಹುಸಿಬಾಗಿಲು, ಗೋಡೆಯ ಮೇಲೆ ಅನ್ನಪಾನಗಳ ಮಂತ್ರ, ಎಲ್ಲವೂ ಹಳೆಯ ವಿಧಿಯಂತೆ.

1981ರ ಏಪ್ರಿಲ್ 21ರಂದು ಆಕೆ ತೀರಿಕೊಂಡರು. ತೋಟದಲ್ಲಿ ಹೂಳಲು ಆರೋಗ್ಯಾಧಿಕಾರಿಗಳು ಒಪ್ಪಿಗೆ ಕೊಡಲಿಲ್ಲ. ಊರಾಚೆಯ ಮರಳಿನಲ್ಲಿ, ಕಾಪ್ಟಿಕ್ ಸ್ಮಶಾನದ ಹೊರಗೆ, ಹೆಸರಿನ ಕಲ್ಲಿಲ್ಲದ ಗೋರಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿಸಿ ಮಲಗಿಸಿದರು. ಅಲ್ಲಿಂದ ಮುಂದಕ್ಕೆ ಬೆಟ್ಟಗಳ ಸಂದಿಯತ್ತ ಮರುಭೂಮಿ ಹರಡಿದೆ. ನಡುವೆ ಉಮ್ ಅಲ್-ಕಾಬ್, ಅಂದರೆ ‘ಮಡಕೆಗಳ ತಾಯಿ’. ಒಸೈರಿಸನ ಸಮಾಧಿಯೆಂದು ನಂಬಿ ಸಾವಿರಾರು ವರ್ಷ ಜನ ಹೊತ್ತುತಂದ ಹರಕೆಯ ಮಡಕೆಗಳ ಚೂರುಗಳು ಅಲ್ಲಿ ರಾಶಿರಾಶಿಯಾಗಿ ಬಿದ್ದಿವೆ. ಕಾಲಿಟ್ಟರೆ ಸಪ್ಪಳವಾಗುತ್ತದೆ.