ಟೈಲ್ಸ್ ಮೇಲೆ ಟೈಲ್ಸ್

ರಜೆ ಮೂವತ್ತು ದಿನ. ಅದರಲ್ಲೇ ಎರಡು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕು, ಆಧಾರ್ ತಿದ್ದುಪಡಿ. ಉಳಿದ ದಿನಗಳಲ್ಲಿ ಕುಂದಾಪುರದ ಮನೆಯ ಅಡುಗೆಮನೆಯನ್ನು ಚೆಂದ ಮಾಡಬೇಕೆಂದು ಶಾರ್ಜಾದಿಂದ ಹೊರಡುವಾಗಲೇ ನಾವು ಗಂಡ ಹೆಂಡತಿ ಲೆಕ್ಕ ಹಾಕಿದ್ದೆವು. ಗಲ್ಫಿನಲ್ಲಿರುವ ನಮ್ಮೆಲ್ಲರ ರಜೆಯೂ ಹೀಗೇ ತಾನೆ?

ಅಡುಗೆಮನೆಯ ಗೋಡೆಯಲ್ಲಿ ಇದ್ದದ್ದು ನೀಲಿ ಹೂವಿನ ಬಿಳಿ ಟೈಲ್ಸ್. 2004ರಲ್ಲಿ ಇಲ್ಲಿಂದ ಮೊದಲು ಕಳಿಸಿದ ಹಣದಲ್ಲಿ ಅಪ್ಪ ಎದುರು ನಿಂತು ಹಾಕಿಸಿದ್ದು. ಅಪ್ಪ ಈಗಿಲ್ಲ. ಒಡೆಯಲು ಮನಸ್ಸಿರಲಿಲ್ಲ, ಒಡೆದರೆ ಧೂಳು, ಅಮ್ಮನಿಗೆ ಉಬ್ಬಸ ಬೇರೆ. ಹಳೆಯದರ ಮೇಲೆಯೇ ಹೊಸದನ್ನು ಅಂಟಿಸಿದರೆ ನಾಲ್ಕು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡೆವು.

ಮೇಸ್ತ್ರಿ ಬಂದರು. "ಮಾಡ್ಲಕ್ಕ್. ಆದ್ರೆ ಹಳೇದ್ ಗಟ್ಟಿ ಇರ್ಕ್" ಎಂದರು. ಟೈಲ್ಸಿನ ಹೊಳಪು ಮೈ ನೀರು ಕುಡಿಯುವುದಿಲ್ಲ, ಹಾಗಾಗಿ ಬರೀ ಸಿಮೆಂಟ್ ಅದನ್ನು ಹಿಡಿಯುವುದಿಲ್ಲವಂತೆ. ಮೊದಲು ಎಣ್ಣೆ ಜಿಡ್ಡು ತೊಳೆಯಬೇಕು, ಗ್ರೈಂಡರಿನಿಂದ ಹೊಳಪನ್ನು ಗೀರಿ ಒರಟು ಮಾಡಬೇಕು, ಟೈಲ್ಸ್ ಮೇಲೆ ಟೈಲ್ಸ್ ಹಾಕಲೆಂದೇ ಸಿಗುವ ಅಂಟನ್ನು ಕಲಸಬೇಕು. ಗೋಡೆ ಒಂದು ಸೆಂಟಿಮೀಟರಿನಷ್ಟು ದಪ್ಪವಾಗುವುದರಿಂದ ಸ್ವಿಚ್ ಬೋರ್ಡಿಗೆ ಉದ್ದದ ಸ್ಕ್ರೂ, ನಲ್ಲಿಗೆ ಹೆಚ್ಚುವರಿ ತುಂಡು ಬೇಕು. ಇಷ್ಟು ಹೇಳಿ, ಕರಣೆಯ ಹಿಡಿಯಿಂದ ಒಂದೊಂದೇ ಟೈಲನ್ನು ತಟ್ಟತೊಡಗಿದರು.

ಒಲೆಯ ಕಡೆ ಗಟ್ಟಿ ಸದ್ದು. ಸಿಂಕಿನ ಹತ್ತಿರ ಬಂದಾಗ ಟೊಳ್ಳು ಸದ್ದು. ಕೆಳಗೆ ಹೋದಂತೆ ಎಲ್ಲವೂ ಟೊಳ್ಳು. ಒಂದನ್ನು ಮೀಟಿದರೆ ಹಾಗೇ ಕೈಗೆ ಬಂತು. ಹಿಂದಿನ ಗಾರೆ ಕಪ್ಪಾಗಿ, ಒದ್ದೆಯಾಗಿ ಉದುರಿತು. ಒಳಗಿನ ಕಬ್ಬಿಣದ ಪೈಪು ತಿರುವಿನಲ್ಲಿ ತುಕ್ಕು ಹಿಡಿದು ಜಿನುಗುತ್ತಿತ್ತು.

ಆಗ ಕಣ್ಣಿಗೆ ಬಿತ್ತು, ಗೋಡೆಯ ಬುಡದಲ್ಲಿ ಸುತ್ತಿಟ್ಟ ಹಳೆಯ ಸೀರೆ. ಎರಡು ಮಳೆಗಾಲದಿಂದ ಅಮ್ಮ ದಿನಾ ಅದನ್ನು ಹಿಂಡಿ, ಒಣಗಿಸಿ, ಮತ್ತೆ ಇಡುತ್ತಿದ್ದರಂತೆ.

"ಅಮ್ಮಾ, ಫೋನಿನಲ್ಲಿ ಒಂದು ಮಾತು ಹೇಳಬಾರದಿತ್ತಾ?"

"ನೀವ್ ಅಲ್ಲ್ ದುಡಿತಾ ಇಪ್ಪತಿಗೆ ಇದನ್ನೆಲ್ಲ ಹೇಳಿ ಎಂತ ಮಾಡುದ್ ಮಗಾ?"

ನಮಗೆ ಮಾತು ಹೊರಡಲಿಲ್ಲ. ಡಿ.ಫಾರ್ಮ ಓದಿ ಇಷ್ಟು ವರ್ಷ ಆಸ್ಪತ್ರೆಯ ಫಾರ್ಮಸಿಯಲ್ಲಿ ನಿಂತವರು ನಾವು. ನೋವಿನ ಮಾತ್ರೆಯನ್ನೇ ಮತ್ತೆ ಮತ್ತೆ ಕೇಳಿ ಬರುವವರಿಗೆ, "ನೋವು ಯಾಕೆ ಬರುತ್ತಿದೆ, ಡಾಕ್ಟರಿಗೆ ತೋರಿಸಿದಿರಾ?" ಎಂದು ಕೇಳುತ್ತೇವೆ. ಮನೆಗೆ ಮಾತ್ರ ವಾರಕ್ಕೆ ಮೂರು ಸಲ ಫೋನು ಮಾಡಿ, "ಎಲ್ಲ ಸಮಾ ಇತ್" ಎಂಬ ಉತ್ತರಕ್ಕೆ ಸಮಾಧಾನಪಟ್ಟು ಇಟ್ಟುಬಿಡುತ್ತಿದ್ದೆವು. ನ್ಯಾಯವಾಗಿ ಹೇಳಬೇಕೆಂದರೆ ನಾವೂ ಹಾಗೇ. ಸಂಬಳ ತಡವಾದ ತಿಂಗಳು, ಬೆನ್ನುನೋವಿಗೆ ರಜೆ ಹಾಕಿದ ದಿನ, ಯಾವುದನ್ನೂ ಅಮ್ಮನಿಗೆ ಹೇಳಿದವರಲ್ಲ.

ಸಿಂಕಿನ ಗೋಡೆ ಒಡೆಸಿದೆವು. ಅಮ್ಮನನ್ನು ಮೂರು ದಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟೆವು. ತುಕ್ಕಿನ ಪೈಪು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿದ್ದಾಯಿತು. ಹೊಸ ಗಾರೆ ಒಣಗುವ ಮೊದಲೇ ರಜೆ ಮುಗಿಯಿತು. ಒಲೆಯ ಗೋಡೆಗೆ ಮಾತ್ರ ಹಳೆಯದರ ಮೇಲೆ ಹೊಸದು ಬಂತು. ಅಪ್ಪ ಹಾಕಿಸಿದ ನೀಲಿ ಹೂವು ಅದರ ಹಿಂದೆ ಹಾಗೇ ಇದೆ. ಸಿಂಕಿನ ಕಡೆಯ ಕೆಲಸ ಮುಗಿದದ್ದನ್ನು ನಾವು ವಿಡಿಯೋ ಕರೆಯಲ್ಲಿ ನೋಡಿದೆವು.

ಮುಂದಿನ ರಜೆಯಲ್ಲಿ ಟೈಲ್ಸ್ ಮೇಲೆ ಟೈಲ್ಸ್ ಹಾಕಿಸುವವರಿದ್ದರೆ ಖಂಡಿತ ಹಾಕಿಸಿ. ಖರ್ಚೂ ಧೂಳೂ ಉಳಿಯುತ್ತದೆ. ಆದರೆ ಮೊದಲು ತಟ್ಟಿ ನೋಡಿ. ಸದ್ದು ಟೊಳ್ಳಾದರೆ, ಒದ್ದೆ ಕಂಡರೆ, ಮುಚ್ಚಬೇಡಿ.

ಹೋದ ವಾರ ಅಮ್ಮನೇ ಫೋನು ಮಾಡಿದ್ದರು. ಹಿತ್ತಲ ಬಾಗಿಲಿನ ಚಿಲಕ ಕೂರುತ್ತಿಲ್ಲವಂತೆ, ಮಾಡಿನ ಹಂಚು ಎರಡು ಒಡೆದಿವೆಯಂತೆ, ಮೊಣಕಾಲೂ ನೋವಂತೆ. ಅವರು ದೂರು ಹೇಳಿದ್ದು ಇದೇ ಮೊದಲು. ನಾವು ಕೂತು ಪಟ್ಟಿ ಬರೆದುಕೊಂಡೆವು.