ಕತ್ತರಿ ಆಡುವ ಮುನ್ನ ಒಂದು ಮಾತು

ಕ್ಷೌರದ ಕುರ್ಚಿಯಲ್ಲಿ ಕುಳಿತವನು ತನ್ನ ತಲೆಯನ್ನೂ ಕೊರಳನ್ನೂ ಇನ್ನೊಬ್ಬನ ಕೈಗೆ ಒಪ್ಪಿಸಿರುತ್ತಾನೆ. ಹೀಗೆ ನಂಬಿ ಒಪ್ಪಿಸಿದ್ದು ಅಮಾನತ್. ಸಲಹೆ ಕೇಳಲ್ಪಟ್ಟವನ ಮೇಲೂ ಅದೇ ಅಮಾನತಿನ ಹೊಣೆಯಿದೆಯೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಕುರ್‌ಆನಿನ 42ನೆಯ ಅಧ್ಯಾಯಕ್ಕೆ 'ಶೂರಾ', ಅಂದರೆ ಸಮಾಲೋಚನೆ ಎಂಬ ಹೆಸರೇ ಇದೆ. ರಾಜ್ಯಭಾರಕ್ಕೆ ಅನ್ವಯಿಸುವ ಈ ಗುಣ ಕ್ಷೌರದಂಗಡಿಗೂ ಅನ್ವಯಿಸುವುದೆಂದು ನಾವು ಅಪರೂಪಕ್ಕೆ ಯೋಚಿಸುತ್ತೇವೆ.

ನಮ್ಮ ತಂದೆಯವರು ಕ್ಷೌರಿಕರು. ಮದ್ರಸದ ರಜೆಗಳಲ್ಲಿ ನಾವೂ ಅವರ ಅಂಗಡಿಯಲ್ಲಿ ಕತ್ತರಿ ಹಿಡಿದವರು. ಬೋಧನೆ ನಮ್ಮ ವೃತ್ತಿಯಾದ ಮೇಲೂ ಆ ನಂಟು ಕಡಿದಿಲ್ಲ. ಕಳೆದ ವರ್ಷ ಊರಿನ ಏಳೆಂಟು ಮಂದಿ ಕ್ಷೌರಿಕ ಸಹೋದರರು, ಅಂಗಡಿಗೆ ರಜೆಯಿರುವ ಮಂಗಳವಾರಗಳಂದು ಇಶಾ ನಮಾಝಿನ ನಂತರ ನಮ್ಮೊಂದಿಗೆ ಕುಳಿತುಕೊಳ್ಳತೊಡಗಿದರು. ಅವರಲ್ಲೊಬ್ಬ ತರುಣನ ಪ್ರಶ್ನೆಯೇ ಇದಕ್ಕೆ ಕಾರಣ: "ಉಸ್ತಾದರೇ, ನನ್ನ ಕೈಯಲ್ಲಿ ಕೆಲಸವಿದೆ. ಆದರೂ ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ, ಯಾಕೆ?"

ಅವನ ಅಂಗಡಿಯಲ್ಲಿ ಒಂದು ಸಂಜೆ ಕುಳಿತು ನೋಡಿದೆವು. ಕೈ ನಿಜಕ್ಕೂ ಪಳಗಿತ್ತು. ಆದರೆ "ಕಟಿಂಗಾ, ಶೇವಿಂಗಾ?" ಎಂಬ ಒಂದೇ ಪ್ರಶ್ನೆಯಲ್ಲಿ ಮಾತು ಮುಗಿದು ಯಂತ್ರ ಓಡತೊಡಗುತ್ತಿತ್ತು. ಗಿರಾಕಿ "ಸ್ವಲ್ಪ ಸಣ್ಣ ಮಾಡಿ" ಎನ್ನುತ್ತಾನೆ. ಆ 'ಸ್ವಲ್ಪ' ಎಷ್ಟೆಂಬುದು ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ. ಯಂತ್ರದ ನಂಬರ್ 1 ಎಂದರೆ ಸುಮಾರು 3 ಮಿಲಿಮೀಟರ್, ನಂಬರ್ 2 ಎಂದರೆ 6, ನಂಬರ್ 4 ಎಂದರೆ ಸುಮಾರು 13. ಒಂದು ನಂಬರ್ ತಪ್ಪಿದರೂ ನೆತ್ತಿಯ ಚರ್ಮ ಕಾಣಬಹುದು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅರೆ ನಿಮಿಷದ ಮಾತು ಉಳಿಸಲು ಹೋಗಿ ಗಿರಾಕಿಗೆ ಒಂದು ತಿಂಗಳ ಮುಜುಗರ ಕೊಟ್ಟಂತಾಗುತ್ತದೆ.

ಆ ಮಂಗಳವಾರಗಳಲ್ಲಿ ನಾವೆಲ್ಲ ಸೇರಿ ಕೆಲವು ಕ್ರಮಗಳನ್ನು ಗೊತ್ತುಮಾಡಿಕೊಂಡೆವು. ಬಟ್ಟೆ ಹೊದಿಸುವ ಮುನ್ನ, ಕೂದಲಿಗೆ ನೀರು ಸಿಂಪಡಿಸುವ ಮುನ್ನ ಮಾತಾಡಬೇಕು. ಒದ್ದೆ ಕೂದಲು ಉದ್ದವಾಗಿ ತೋರುತ್ತದೆ, ಒಣಗಿದಾಗ ಮೇಲೇರುತ್ತದೆ. ಗುಂಗುರು ಕೂದಲಿನಲ್ಲಿ ಇದು ಇನ್ನೂ ಹೆಚ್ಚು. ಹಿಂದಿನ ಸಲ ಕತ್ತರಿಸಿ ಎಷ್ಟು ದಿನವಾಯಿತು, ಆಗ ಯಾವುದು ಹಿಡಿಸಲಿಲ್ಲ ಎಂದು ಕೇಳಬೇಕು. ಹಿಡಿಸಿದ್ದನ್ನು ವಿವರಿಸಲಾಗದವರೂ ಹಿಡಿಸದ್ದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಉದ್ದವನ್ನು ಬೆರಳಿನಲ್ಲಿ ಹಿಡಿದು ತೋರಿಸಬೇಕು. ಕೇಳಿದ್ದನ್ನು ನಮ್ಮ ಮಾತಿನಲ್ಲಿ ಮರಳಿ ಹೇಳಿ ಒಪ್ಪಿಗೆ ಪಡೆಯಬೇಕು. ಮದ್ರಸದಲ್ಲಿ ಪಾಠವನ್ನು ಶಿಷ್ಯನು ಗುರುವಿಗೆ ಮರಳಿ ಒಪ್ಪಿಸುವುದಿಲ್ಲವೇ? ಹಾಗೆಯೇ ಇದು.

ಬಣ್ಣ ಹಚ್ಚುವವರ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಅಗತ್ಯ. 'ಕಪ್ಪು ಮೆಹಂದಿ' ಗಿಡಮೂಲಿಕೆಯೆಂದು ಅನೇಕರ ನಂಬಿಕೆ. ಮೆಹಂದಿ ಸೊಪ್ಪಿನ ಬಣ್ಣ ಕೆಂಪುಗಂದು. ಕಡುಕಪ್ಪಿಗಾಗಿ ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಅದು ಒಗ್ಗದವರಿಗೆ ತುರಿಕೆ, ಗುಳ್ಳೆ, ಕಣ್ಣು ಮುಚ್ಚುವಷ್ಟು ಮುಖದ ಊತ ಬರಬಹುದು. 48 ಗಂಟೆ ಮೊದಲೇ ಕಿವಿಯ ಹಿಂದೆ ತುಸು ಹಚ್ಚಿ ಪರೀಕ್ಷಿಸುವುದು ವಾಡಿಕೆಯಾಗಬೇಕು. "ಮೊದಲು ಎಂದಾದರೂ ತುರಿಸಿದ್ದುಂಟೇ, ಕಾಕಾ?" ಎಂದು ಕೇಳಲು ಖರ್ಚೇನೂ ಇಲ್ಲ.

ತಂದೆ-ಮಗನ ಜಗಳವೂ ಕುರ್ಚಿಯವರೆಗೆ ಬರುತ್ತದೆ. ಮಗ ಮೊಬೈಲಿನಲ್ಲಿ ಆಟಗಾರನೊಬ್ಬನ ತಲೆಯನ್ನು ತೋರಿಸುತ್ತಾನೆ. ತಂದೆ ಹಿಂದಿನಿಂದ ಸನ್ನೆ ಮಾಡುತ್ತಾರೆ. ತಲೆಯ ಒಂದು ಭಾಗವನ್ನು ಬೋಳಿಸಿ ಇನ್ನೊಂದನ್ನು ಬಿಡುವುದನ್ನು ಪ್ರವಾದಿ(ಸ)ಯವರು ತಡೆದಿದ್ದಾರೆಂಬುದು ನಮಗೆ ತಿಳಿದದ್ದೇ. ಹಾಗೆಂದು ಕನ್ನಡಿಯ ಮುಂದೆ ಹುಡುಗನನ್ನು ಅವಮಾನಿಸುವುದು ಉಪದೇಶವಲ್ಲ. ಇಬ್ಬರನ್ನೂ ಕೇಳಿ, "ಬದಿಯಲ್ಲಿ ಇಷ್ಟು ಉಳಿಸಿ ಮೇಲೆ ಈ ರೀತಿ ಮಾಡೋಣವೇ?" ಎಂದು ಒಂದು ದಾರಿ ತೋರಿಸುವ ಕ್ಷೌರಿಕನು ಆ ಮನೆಯ ಸಂಜೆಯನ್ನು ಕಾಪಾಡುತ್ತಾನೆ.

ಈ ಪ್ರಶ್ನೆಗಳ ಬೆಲೆ ಎಷ್ಟೆಂಬುದನ್ನು ಅದೇ ತರುಣ ನಮಗೆ ಮನಗಾಣಿಸಿದನು. ಪರಿಚಿತರೊಬ್ಬರು ಬಂದು ತಲೆ ಪೂರ್ತಿ ಬೋಳಿಸಲು ಹೇಳಿದರಂತೆ. ಹಿಂದಿನ ಅಭ್ಯಾಸದಂತೆ ಅವನು ಕ್ಷೌರಕತ್ತಿ ಎತ್ತಿಕೊಳ್ಳುತ್ತಿದ್ದನು. ಆದರೆ ಈ ಸಲ ಬಾಗಿ, ಇತರರಿಗೆ ಕೇಳಿಸದಂತೆ, "ಔಷಧಿ ಏನಾದರೂ ನಡೆಯುತ್ತಿದೆಯೇ?" ಎಂದು ವಿಚಾರಿಸಿದನು. ಅವರಿಗೆ ಕ್ಯಾನ್ಸರ್ ಚಿಕಿತ್ಸೆ ಆರಂಭವಾಗಿತ್ತು. ಮನೆಯವರ ಹೊರತು ಯಾರಿಗೂ ತಿಳಿದಿರಲಿಲ್ಲ. ಆ ಚಿಕಿತ್ಸೆಯಲ್ಲಿ ಸಣ್ಣ ಗಾಯದಿಂದಲೂ ರಕ್ತಸ್ರಾವ, ಸೋಂಕು ಉಂಟಾಗುವ ಭಯವಿದೆ. ಅವನು ಕತ್ತಿಯನ್ನು ಬದಿಗಿಟ್ಟು, ಸ್ವಚ್ಛಗೊಳಿಸಿದ ಯಂತ್ರದಿಂದಲೇ ಕೂದಲು ತೆಗೆದನು. ಮುಂದಿನ ಸಲ ಅಂಗಡಿ ಮುಚ್ಚಿದ ಮೇಲೆ ಅವರ ಮನೆಗೇ ಹೋದನು. ವಿಷಯವನ್ನು ಹೊರಗೆ ಆಡಲಿಲ್ಲ. ಆ ವ್ಯಕ್ತಿ ಗುಣಮುಖರಾಗಿ ತಾವೇ ಹೇಳಿದಾಗಲೇ ಅದು ನಮ್ಮ ಕಿವಿಗೆ ಬಿದ್ದದ್ದು.

ಓದುಗ ಬಾಂಧವರೇ, ಈ ಕಸುಬಿನವರನ್ನು ನಮ್ಮ ಸಮುದಾಯ ಮದುವೆ ಸಂಬಂಧದ ಮಾತು ಬಂದಾಗ ಕೀಳಾಗಿ ಕಂಡದ್ದುಂಟು. ಅದನ್ನು ನಮ್ಮ ಮನೆಯೂ ಉಂಡಿದೆ. ಮಗುವಿನ ಅಖೀಖಾದ ದಿನ ತಲೆಗೂದಲು ತೆಗೆಯಲು, ಹಜ್ಜಿನಲ್ಲಿ ಇಹ್ರಾಮ್‌ನಿಂದ ಹೊರಬರಲು ನಮಗೆ ಬೇಕಾದದ್ದು ಇದೇ ಕೈ. ಅಂಗಡಿಗೆ ಹೋದಾಗ ನಾವೂ ಮೊಬೈಲ್ ಕೆಳಗಿಟ್ಟು, ಸಲಾಮ್ ಹೇಳಿ, ಅವರು ಕೇಳಿದ್ದಕ್ಕೆ ನೇರವಾಗಿ ಉತ್ತರಿಸೋಣ. ಕೇಳುವ ಕ್ಷೌರಿಕನಿಗೂ ಹೇಳುವ ಗಿರಾಕಿಗೂ ಅಲ್ಲಾಹನು ಪರಸ್ಪರ ವಿಶ್ವಾಸವನ್ನು ಕರುಣಿಸಲಿ. ಆಮೀನ್.