ಇಪ್ಪತ್ತೈದು ಡಿಗ್ರಿಯ ಊರು

ವೋಲ್ಟೇಜ್ ರೆಗ್ಯುಲೇಟರ್ ಚಿಪ್ಪುಗಳ ಡೇಟಾಶೀಟ್ ಓದುವುದು ನನ್ನ ಚಟ. ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂತು ಓದಲು ಅದಕ್ಕಿಂತ ಒಳ್ಳೆಯ ಸಾಹಿತ್ಯ ನನಗೆ ಸಿಕ್ಕಿಲ್ಲ. ‘ಅದರಲ್ಲಿ ಕಥೆ ಏನಿದೆ?’ ಎಂದು ಕೇಳಿ ಕೇಳಿ ಮನೆಯವರು ಸುಮ್ಮನಾಗಿದ್ದಾರೆ. ಕಥೆ ಇದೆ. ಅಂಕಿಗಳ ಪಟ್ಟಿಯ ನೆತ್ತಿಯ ಮೇಲೆ ಒಂದು ಷರತ್ತು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ: ಇವನ್ನೆಲ್ಲ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯಲಾಗಿದೆ. ಆ ಇಪ್ಪತ್ತೈದು ಡಿಗ್ರಿಯ ಊರು ಭೂಮಿಯ ಮೇಲೆ ಎಲ್ಲೋ ಇರಬೇಕು. ಚಳ್ಳಕೆರೆಯಂತೂ ಅಲ್ಲ. ಏಪ್ರಿಲ್ ಮಧ್ಯಾಹ್ನ ಇಲ್ಲಿ ನೆರಳಿನಲ್ಲೇ 40ರ ಆಸುಪಾಸು. ತಗಡಿನ ಶೀಟಿನ ಮಾಡು, ಅದರ ಕೆಳಗೊಂದು ಮುಚ್ಚಿದ ಡಬ್ಬಿ, ಡಬ್ಬಿಯೊಳಗೊಂದು ಸರ್ಕ್ಯೂಟು ಅಂದರೆ ಕೆಲಸ ಶುರುವಾಗುವ ಮೊದಲೇ 50 ಡಿಗ್ರಿ ಆಗಿರುತ್ತದೆ. ಬೇರೆ ಊರಿನ ಹವ್ಯಾಸಿಗಳಿಗೆ ಬಿಸಿ ಕೊನೆಯಲ್ಲಿ ನೆನಪಾಗುವ ವಿಷಯವಿರಬಹುದು. ನಮಗೆ ಲೆಕ್ಕ ಅಲ್ಲಿಂದಲೇ ಶುರು.

ಮೂರು ಕಾಲಿನ 7805 ಗೊತ್ತಿಲ್ಲದ ರೇಡಿಯೊ ರಿಪೇರಿಯವರು ಇಲ್ಲ. ಒಂದು ಕಾಲಿಗೆ ಹೆಚ್ಚಿನ ವೋಲ್ಟ್ ಕೊಡಿ, ನಡುವಿನದನ್ನು ಗ್ರೌಂಡಿಗೆ ಹಾಕಿ, ಇನ್ನೊಂದರಲ್ಲಿ 5 ವೋಲ್ಟ್ ತೆಗೆದುಕೊಳ್ಳಿ. ಇಷ್ಟೇ ಆಗಿದ್ದರೆ ನಾನು ಇದರ ಹಿಂದೆ ಬೀಳುತ್ತಿರಲಿಲ್ಲ. ಕಡಿಮೆ ಮಾಡಿದ ವೋಲ್ಟು ಎಲ್ಲಿಗೂ ಹೋಗುವುದಿಲ್ಲ, ಬಿಸಿಯಾಗಿ ಅಲ್ಲೇ ಕೂತಿರುತ್ತದೆ. ಸೋಲಾರ್‌ನಿಂದ ಚಾರ್ಜ್ ಆಗುತ್ತಿರುವ ಬ್ಯಾಟರಿ 14.4 ವೋಲ್ಟಿನಲ್ಲಿದೆ, ನಿಮಗೆ ಬೇಕಾದದ್ದು 5 ವೋಲ್ಟು, ಅರ್ಧ ಆಂಪಿಯರ್ ಅನ್ನಿ. ಉಳಿದ 9.4 ವೋಲ್ಟನ್ನು ಅರ್ಧದಿಂದ ಗುಣಿಸಿದರೆ 4.7 ವ್ಯಾಟ್. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವ್ಯಾಟಿಗೆ ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಬಿಸಿಯಾಗುತ್ತದೆ ಎನ್ನುತ್ತದೆ ಡೇಟಾಶೀಟು. ಗುಣಿಸಿ ನೋಡಿ, ಮುನ್ನೂರು ದಾಟುತ್ತದೆ. ಚಿಪ್ಪಿಗೆ ಅನುಮತಿ ಇರುವುದು 125ರವರೆಗೆ. ನಗಬೇಕೋ ಅಳಬೇಕೋ ಗೊತ್ತಾಗದ ಇಂಥ ಉತ್ತರ ಬಂದಾಗಲೇ ನನಗೆ ಉತ್ಸಾಹ.

ಏಕೆಂದರೆ ಮುಂದಿನದು ಬಿಸಿಗೆ ದಾರಿ ಮಾಡಿಕೊಡುವ ಕೆಲಸ. ಚಿಪ್ಪಿನ ಒಳಗಿನ ಜಂಕ್ಷನ್ನಿನಿಂದ ಹೊರಗಿನ ಲೋಹದ ಬೆನ್ನಿಗೆ, ಬೆನ್ನಿನಿಂದ ಮೈಕಾ ಹಾಳೆ ದಾಟಿ ಹೀಟ್‌ಸಿಂಕಿಗೆ, ಅದರ ರೆಕ್ಕೆಗಳಿಂದ ಗಾಳಿಗೆ. ಪ್ರತಿ ಹಂತದಲ್ಲೂ ಒಂದಿಷ್ಟು ತಡೆ. ಈ ತಡೆಗಳನ್ನು ಸಾಲಾಗಿ ಜೋಡಿಸಿದ ರೆಸಿಸ್ಟರುಗಳ ಹಾಗೆಯೇ ಕೂಡಬಹುದು. ವೋಲ್ಟಿನ ಜಾಗದಲ್ಲಿ ಡಿಗ್ರಿ, ಕರೆಂಟಿನ ಜಾಗದಲ್ಲಿ ವ್ಯಾಟ್. ಓಮ್‌ನ ನಿಯಮವನ್ನು ಮಕ್ಕಳಿಗೆ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದುಕೊಟ್ಟ ನನಗೆ, ಅದೇ ನಿಯಮ ಬಿಸಿಗೂ ಒಪ್ಪುತ್ತದೆ ಎಂದು ತಿಳಿದ ದಿನ ಆದ ಖುಷಿ ಇನ್ನೂ ಹಳತಾಗಿಲ್ಲ.

ಚಿಪ್ಪನ್ನು ಹೀಟ್‌ಸಿಂಕಿಗೆ ಕೂರಿಸುವುದರಲ್ಲೂ ರುಚಿ ಇದೆ. ಮೈಕಾ ಹಾಳೆಯನ್ನು ಬೆಳಕಿಗೆ ಹಿಡಿದು ಬಿರುಕು ಇಲ್ಲವೆಂದು ನೋಡಬೇಕು. ಎರಡೂ ಬದಿಗೆ ಬಿಳಿ ಪೇಸ್ಟ್ ಸವರಬೇಕು, ಅದೂ ಕೆಳಗಿನ ಲೋಹ ಮಸುಕಾಗಿ ಕಾಣುವಷ್ಟು ತೆಳ್ಳಗೆ. ಹೊಸಬರು ಮೆತ್ತಿಬಿಡುತ್ತಾರೆ. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗುಂಡಿಗಳಲ್ಲಿನ ಗಾಳಿಯನ್ನು ಹೊರಗೆ ಹಾಕಲು. ಲೋಹಕ್ಕೆ ಹೋಲಿಸಿದರೆ ಅದೂ ಒಳ್ಳೆಯ ವಾಹಕವಲ್ಲ, ದಪ್ಪವಾದರೆ ಅದೇ ಅಡ್ಡಿ. ಸ್ಕ್ರೂಗೆ ನೈಲಾನ್ ಬುಷ್ ಹಾಕಿ ಬಿಗಿ ಮಾಡಿ, ಆಮೇಲೆ ಮಲ್ಟಿಮೀಟರಿನ ಒಂದು ಮುಳ್ಳು ಚಿಪ್ಪಿನ ಬೆನ್ನಿಗೆ, ಇನ್ನೊಂದು ಹೀಟ್‌ಸಿಂಕಿಗೆ. ಪೀಂ ಅನ್ನಬಾರದು. 7805ರ ಬೆನ್ನು ಗ್ರೌಂಡೇ ಆದ್ದರಿಂದ ಅಲ್ಲಿ ಮೈಕಾ ಇಲ್ಲದಿದ್ದರೂ ನಡೆದೀತು. ಎಲ್‌ಎಂ317 ಎಂಬ ಇನ್ನೊಂದು ರೆಗ್ಯುಲೇಟರಿನ ಬೆನ್ನಿನಲ್ಲಿ ಔಟ್‌ಪುಟ್ ಇರುತ್ತದೆ, ಡಬ್ಬಿಗೆ ತಾಗಿದರೆ ಮುಗಿಯಿತು. ಇಷ್ಟೆಲ್ಲ ಮಾಡಿ ಕೊನೆಗೆ ತೂತಿಲ್ಲದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚುವವರನ್ನು ಕಂಡಿದ್ದೇನೆ. ಜ್ವರ ಬಂದವನಿಗೆ ನಮ್ಮೂರಿನ ಕಂಬಳಿ ಹೊದಿಸಿ ಬಾಗಿಲು ಹಾಕಿದಂತೆ.

ಥರ್ಮಾಮೀಟರ್ ಇದ್ದರೂ ನಾನು ಮೊದಲು ನಂಬುವುದು ಬೆರಳನ್ನು. ಬೆರಳಿಟ್ಟು ನಿಧಾನವಾಗಿ ಐದು ಎಣಿಸಲು ಆದರೆ 55 ಡಿಗ್ರಿಯ ಒಳಗೆ. ಎರಡು ಎನ್ನುವಷ್ಟರಲ್ಲಿ ಕೈ ತಾನೇ ಹಿಂದೆ ಬಂದರೆ 60 ದಾಟಿದೆ. ಒದ್ದೆ ಮಾಡಿದ ಬೆರಳು ಚುರ್ ಎಂದರೆ ನೂರರ ಮೇಲೆ, ಆಗ ಸ್ವಿಚ್ಚಿನ ಕಡೆ ಓಡುವುದು. ಮೇನ್ಸ್ ತಾಗುವ ಜಾಗದಲ್ಲಿ ಮಾತ್ರ ಈ ಶಾಸ್ತ್ರ ಬೇಡ.

ಈಗ ನನಗೆ ಅತ್ಯಂತ ಪ್ರಿಯವಾದ ಅಂಕಿಯ ವಿಷಯ. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸಿಗೆ ಸುಮಾರು 0.65 ವೋಲ್ಟ್ ಸಿಕ್ಕರೆ ಅದು ಕೆಲಸಕ್ಕೆ ಏಳುತ್ತದೆ. ಬಿಸಿ ಒಂದು ಡಿಗ್ರಿ ಏರಿದಾಗಲೆಲ್ಲ ಈ ಬೇಡಿಕೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಎರಡೇ ಎರಡು. ಆದರೆ ಹಳೆಯ ಸರ್ಕ್ಯೂಟುಗಳನ್ನು ಸುಟ್ಟದ್ದು ಇದೇ: ಬಿಸಿಯಾದರೆ ಹೆಚ್ಚು ಕರೆಂಟು, ಹೆಚ್ಚು ಕರೆಂಟಿಗೆ ಇನ್ನೂ ಬಿಸಿ, ಹೀಗೆ ಸುತ್ತಿ ಸುತ್ತಿ ಹೊಗೆ. ಅದಕ್ಕೂ ಹಿಂದಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಪಾಡು ಇನ್ನೂ ಕಷ್ಟದ್ದು. ಬಿಸಿ ಹತ್ತು ಡಿಗ್ರಿ ಏರಿದರೆ ಅವುಗಳ ಸೋರಿಕೆ ಸುಮಾರು ಇಮ್ಮಡಿ. ಜಂಕ್ಷನ್ 90 ಡಿಗ್ರಿ ಮುಟ್ಟುವ ಹೊತ್ತಿಗೆ ಕಥೆ ಮುಗಿದಂತೆ. ಜರ್ಮೇನಿಯಂ ಕಾಲದ ರೇಡಿಯೊವನ್ನು ಚಳ್ಳಕೆರೆಯ ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟು ನೋಡಿದವರಿಗೆ, ಮಧ್ಯಾಹ್ನದ ವಾರ್ತೆ ಗೊಗ್ಗರು ದನಿಯಲ್ಲಿ ಏಕೆ ಬರುತ್ತಿತ್ತು ಎಂದು ಈಗ ಅರ್ಥವಾಗುತ್ತದೆ.

ಈ ಎರಡು ಮಿಲಿವೋಲ್ಟನ್ನೇ ಹಿಡಿದು ಕಾವಲಿಗೆ ಹಾಕಿದವನು ಅಮೆರಿಕದ ಬಾಬ್ ವಿಡ್ಲರ್. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದಾಗ, 1969ರ ಸುಮಾರಿಗೆ, ಎಲ್‌ಎಂ109 ಎಂಬ ಮೂರು ಕಾಲಿನ 5 ವೋಲ್ಟ್ ರೆಗ್ಯುಲೇಟರ್ ಮಾಡಿದ. ಬಿಸಿ ಹುಟ್ಟುವ ದೊಡ್ಡ ಟ್ರಾನ್ಸಿಸ್ಟರಿನ ಹತ್ತಿರದಲ್ಲೇ, ಅದೇ ಸಿಲಿಕಾನ್ ಚೂರಿನ ಮೇಲೆ, ಒಂದು ಪುಟ್ಟ ಟ್ರಾನ್ಸಿಸ್ಟರ್. ಈ ತರಹದ ಏರ್ಪಾಟಿನಲ್ಲಿ ಅದರ ಬೇಸಿಗೆ ಸುಮಾರು 0.37 ವೋಲ್ಟ್ ಮಾತ್ರ ಕೊಟ್ಟಿರುತ್ತಾರೆ ಅನ್ನಿ. ಸಾಮಾನ್ಯ ದಿನಗಳಲ್ಲಿ ಅದಕ್ಕೆ ಎಚ್ಚರವೇ ಆಗುವುದಿಲ್ಲ. ಚಿಪ್ಪು 165 ಡಿಗ್ರಿ ಮುಟ್ಟಿದಾಗ ಬೇಡಿಕೆ, 25ರಿಂದ ಏರಿದ 140 ಡಿಗ್ರಿಯ ಲೆಕ್ಕಕ್ಕೆ, 280 ಮಿಲಿವೋಲ್ಟ್ ಇಳಿದು ಸರಿಯಾಗಿ ಅಲ್ಲಿಗೇ ಬಂದಿರುತ್ತದೆ. ಅದು ಏಳುತ್ತದೆ, ದೊಡ್ಡದರ ಬೇಸ್ ಕರೆಂಟನ್ನು ಕಸಿದುಕೊಳ್ಳುತ್ತದೆ, ಔಟ್‌ಪುಟ್ ಬಂದ್. ತಣ್ಣಗಾದ ಮೇಲೆ ಮತ್ತೆ ಮಲಗುತ್ತದೆ. ಅಲ್ಲಿಗೂ ಬಿಡಲಿಲ್ಲ ಪುಣ್ಯಾತ್ಮ. ಬಿಸಿಗೆ ಇಳಿಯುವ ಈ ವೋಲ್ಟೇಜಿಗೆ ಬಿಸಿಗೆ ಏರುವ ಇನ್ನೊಂದನ್ನು ಕೂಡಿ, ಏರದ ಇಳಿಯದ ಸುಮಾರು 1.2 ವೋಲ್ಟಿನ ಅಳತೆಗೋಲನ್ನೂ ಅದೇ ಚಿಪ್ಪಿನಲ್ಲಿ ಮಾಡಿಟ್ಟ.

ವಿಡ್ಲರ್ ನನಗೆ ಹತ್ತಿರದವನಾಗಲು ಇನ್ನೊಂದು ಕಾರಣವಿದೆ. 1970ರಲ್ಲಿ ಕಂಪನಿ ದುಡ್ಡು ಉಳಿಸಲು ಆಫೀಸಿನ ಮುಂದಿನ ಹುಲ್ಲು ಕೊಯ್ಯಿಸುವುದನ್ನು ನಿಲ್ಲಿಸಿದಾಗ, ಈತ ತನ್ನ ಮರ್ಸಿಡಿಸ್ ಕಾರಿನಲ್ಲಿ ಒಂದು ಕುರಿ ತಂದು ಮೇಯಲು ಬಿಟ್ಟನಂತೆ. ಕುರಿ, ಕಾವಲು, ಎಲೆಕ್ಟ್ರಾನಿಕ್ಸ್ ಒಟ್ಟಿಗಿರುವುದು ನಮ್ಮ ತಾಲ್ಲೂಕಿನವರಿಗೆ ವಿಚಿತ್ರವೇನಲ್ಲ. ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲೇ ಈಗ ಡಿಆರ್‌ಡಿಒದವರ ವಿಮಾನ ಪರೀಕ್ಷಾ ನೆಲೆ ಇದೆ, 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಮೊದಲು ಹಾರಿದ್ದು ಅಲ್ಲಿಂದಲೇ. ಆ ವಿಮಾನದ ಹೊಟ್ಟೆಯ ಸರ್ಕ್ಯೂಟುಗಳಿಗೂ ಯಾರೋ ಕೂತು ಡಿಗ್ರಿಗಳನ್ನು ಕೂಡಿರುತ್ತಾರೆ ಎಂದು ನೆನೆದರೆ ನನಗೊಂದು ಬಳಗ ಸಿಕ್ಕಂತಾಗುತ್ತದೆ.

ಒಂದು ಮಾತು ಮಾತ್ರ ಖಡಾಖಂಡಿತ: ಚಿಪ್ಪಿನೊಳಗಿನ ಆ ಪುಟ್ಟ ಟ್ರಾನ್ಸಿಸ್ಟರಿನ ಕಾವಲನ್ನು ನಂಬಿಕೊಂಡು ಸಣ್ಣ ಹೀಟ್‌ಸಿಂಕ್ ಹಾಕುವುದು ಸೋಮಾರಿತನ. ಗಂಟೆಗೆ ಹತ್ತು ಸಲ ಆರಿ ಹತ್ತುವ ಚಿಪ್ಪು ಪ್ರತಿ ಸಲವೂ ಹಿಗ್ಗಿ ಕುಗ್ಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ, ಪಕ್ಕದ ಕೆಪಾಸಿಟರ್ ಒಣಗುತ್ತದೆ.

ಮೊಳಕಾಲ್ಮುರಿನ ನೇಕಾರ ಗೆಳೆಯನೊಬ್ಬನಿಗೆ ಮಾಡಿಕೊಟ್ಟ ದೀಪದ ಸಪ್ಲೈ ನನ್ನ ಕೈಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಲ್ಲಿನ ರೇಷ್ಮೆ ಸೀರೆ ಗುಂಡಿಮಗ್ಗದಲ್ಲಿ ಹುಟ್ಟುತ್ತದೆ. ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ, ಕೆಳಗೆ ಗುಂಡಿಯಲ್ಲಿ ಕಾಲು, ನಡುವೆ ಹಾಸಿನ ಸಾವಿರಾರು ಎಳೆ. ‘ಮೇಷ್ಟ್ರೇ, ಕರೆಂಟು ಇಳಿದಾಗ ಕೆಂಪು ಯಾವ್ದು, ಮರೂನು ಯಾವ್ದು ಗೊತ್ತಾಗಲ್ಲ. ಲೈಟು ಒಂದೇ ಸಮ ಇರಂಗೆ ಏನಾರ ಮಾಡಿಕೊಡ್ರಿ’ ಎಂದ. ಅಂಗಡಿಯಲ್ಲಿ ಸಿಗುವ ಸ್ವಿಚಿಂಗ್ ಅಡಾಪ್ಟರ್ ಹಾಕಿದರೆ ಬಿಸಿಯ ತಕರಾರೇ ಇಲ್ಲ. ಆದರೆ ಅವನ ಮಗ್ಗದ ಪಕ್ಕ ಒಂದು ರೇಡಿಯೊ ಇದೆ, ಅವನು ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್ ಬಿಟ್ಟು ಕದಲುವವನಲ್ಲ. ಅಗ್ಗದ ಅಡಾಪ್ಟರಿನ ಚಿರ್ರೋ ಸದ್ದು ಮೀಡಿಯಂ ವೇವಿಗೆ ವಿಷ. ಹಾಗಾಗಿ ಹಳೆಯ ದಾರಿ: 15 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 4700 ಮೈಕ್ರೊಫ್ಯಾರಡ್ ಕೆಪಾಸಿಟರ್, 12 ವೋಲ್ಟಿಗೆ ಕಟ್ಟಿದ ಎಲ್‌ಎಂ317, ಮಗ್ಗದ ಅಗಲಕ್ಕೆ ಎಲ್‌ಇಡಿ ಪಟ್ಟಿ.

ಪಂಪ್‌ಸೆಟ್ಟುಗಳು ಓಡುವಾಗ ಲೈನು 180ಕ್ಕೆ ಇಳಿಯುತ್ತದೆ, ಅವು ನಿಂತ ಮೇಲೆ 250ಕ್ಕೆ ಜಿಗಿಯುತ್ತದೆ. ಇಳಿದಾಗ ಚಿಪ್ಪಿಗೆ ತಲುಪುವುದು ಸುಮಾರು 14 ವೋಲ್ಟ್, ಅದರ ಕನಿಷ್ಠ ಬೇಡಿಕೆಗೆ ಅಷ್ಟಕ್ಕಷ್ಟೆ. ದೊಡ್ಡ ಕೆಪಾಸಿಟರ್ ಹಾಕಿದ್ದು ಅದಕ್ಕೇ. ಏರಿದಾಗ 21 ವೋಲ್ಟ್, ನಾಲ್ಕೂವರೆ ವ್ಯಾಟಿನಷ್ಟು ಬಿಸಿ. ಟ್ರಾನ್ಸ್‌ಫಾರ್ಮರ್ 18 ವೋಲ್ಟಿನದಾದರೆ ಇಳಿದಾಗ ನೆಮ್ಮದಿ, ಏರಿದಾಗ ಒಲೆ. 12ರದ್ದಾದರೆ ಉಲ್ಟಾ. ಈ ಇಕ್ಕಟ್ಟಿನಲ್ಲಿ ನಡುದಾರಿ ಹುಡುಕಿ ಕಾಗದದ ಮೇಲೆ ಗೀಚುತ್ತ ಕೂರುವ ಸಂಜೆಗೆ ಸಮವಾದದ್ದು ನನಗೆ ಬೇರೆ ಇಲ್ಲ. ವ್ಯಾಟಿಗೆ 5 ಡಿಗ್ರಿಯ ಹೀಟ್‌ಸಿಂಕ್ ಆರಿಸಿದೆ. 45 ಡಿಗ್ರಿಯ ಕೋಣೆಯಲ್ಲೂ ಜಂಕ್ಷನ್ ನೂರರ ಒಳಗೆ.

ನಮ್ಮ ಕಡೆ ಎಲ್ಲರೂ ಹೆದರುವುದು ನ್ಯೂಟ್ರಲ್ ಕಟ್ ಆಗುವುದಕ್ಕೆ. ಆಗ 230ರ ಜಾಗಕ್ಕೆ 400ರ ಹತ್ತಿರ ಬರಬಹುದು, ಬೀದಿಯ ಟಿವಿಗಳೆಲ್ಲ ಒಂದೇ ರಾತ್ರಿ ರಿಪೇರಿಗೆ ಬರುತ್ತವೆ. ಅದಕ್ಕೆ ಟ್ರಾನ್ಸ್‌ಫಾರ್ಮರಿನ ಮುಂದೆ ಒಂದು ಫ್ಯೂಸು, ಫ್ಯೂಸಿನ ಹಿಂದೆ 275 ವೋಲ್ಟಿನ ಎಂಒವಿ (ಮೆಟಲ್ ಆಕ್ಸೈಡ್ ವೇರಿಸ್ಟರ್). ಒಂದು ಟೀ ದುಡ್ಡಿನ ಆ ಬಿಲ್ಲೆ ತಾನು ಸತ್ತು ಫ್ಯೂಸ್ ಹಾರಿಸುತ್ತದೆ. ಚಿಪ್ಪಿನ ಬೆನ್ನ ಮೇಲಿಂದ ಉಲ್ಟಾ ಒಂದು 1ಎನ್4007 ಡಯೋಡ್: ಇನ್‌ಪುಟ್ ಕಡೆ ಶಾರ್ಟ್ ಆದರೆ ಔಟ್‌ಪುಟ್ ಕೆಪಾಸಿಟರಿನ ಚಾರ್ಜು ಚಿಪ್ಪನ್ನು ಸೀಳಿಕೊಂಡು ಹಿಂದಕ್ಕೆ ನುಗ್ಗದಿರಲಿ ಎಂದು. ರೇಷ್ಮೆಯ ನವಿರು ಧೂಳು ರೆಕ್ಕೆಗಳ ನಡುವೆ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಹಳೆಯ ಬ್ರಷ್ಷಿನಲ್ಲಿ ತೆಗೆಯಬೇಕೆಂದೂ ಹೇಳಿ ಬಂದೆ.

ಡಿಸೆಂಬರಿನಲ್ಲಿ ಅವನ ಫೋನು. ‘ಮೇಷ್ಟ್ರೇ, ನಿಮ್ಮ ಡಬ್ಬಿ ಮ್ಯಾಲೆ ದಿನಾ ಬೆಕ್ಕು ಮಲಗ್ತೈತೆ. ಏನಾರ ತೊಂದ್ರೆ ಐತಾ?’ ಯಾರಿಗೆ ತೊಂದರೆ ಎಂದು ಕೇಳಿದೆ. ‘ಡಬ್ಬಿಗೆ’ ಎಂದ. ಪೆನ್ಸಿಲ್ ತೆಗೆದುಕೊಂಡೆ. ಕೋಣೆ 20 ಡಿಗ್ರಿ, ಲೈನು 230 ಅಂದರೆ ಹೀಟ್‌ಸಿಂಕ್ 38ರ ಆಸುಪಾಸು, ಹೆಚ್ಚು ಕಡಿಮೆ ಬೆಕ್ಕಿನ ಮೈಬಿಸಿಯಷ್ಟೇ. ಬೆಕ್ಕು ಮೇಲೆ ಕೂತು ಗಾಳಿ ತಡೆದರೆ ಇನ್ನಷ್ಟು ಏರುತ್ತದೆ, ಆದರೆ ಅದು ಚಿಪ್ಪಿಗೆ ಅಪಾಯವಾಗುವ ಎಷ್ಟೋ ಮೊದಲೇ ಬೆಕ್ಕು ಎದ್ದು ಹೋಗಿರುತ್ತದೆ. ಸಂಕ್ರಾಂತಿವರೆಗೆ ಮಲಗಲಿ ಬಿಡು, ಶಿವರಾತ್ರಿ ಕಳೆದ ಮೇಲೆ ಡಬ್ಬಿಯನ್ನು ಗೋಡೆಗೆ ನೆಟ್ಟಗೆ ಹೊಡಿ, ರೆಕ್ಕೆ ನಿಂತಿದ್ದರೆ ಗಾಳಿಯೂ ಚೆನ್ನಾಗಿ ಏರುತ್ತದೆ ಎಂದೆ. ಈಗ ಅವನ ತಮ್ಮನ ಮಗ್ಗಕ್ಕೂ ಒಂದು ಬೇಕಂತೆ. ‘ಅದನ್ನ ಮಾತ್ರ ಮಲಗಿಸೇ ಇಡ್ರಿ, ಅವರ ಮನ್ಯಾಗೂ ಬೆಕ್ಕು ಐತೆ’ ಎಂದಿದ್ದಾನೆ.